ಸುರಂಗದೊಳಗಿನ ನಗು

ದಿಂಡುಗಲ್ ಬಸ್ ನಿಲ್ದಾಣದಲ್ಲಿ ಮಳೆ ನಿಂತ ಮೇಲೆ ಬ್ಲೀಚಿಂಗ್ ಪುಡಿ ಎರಚುತ್ತಾರೆ. ಮೊನ್ನೆ ಕಂಬಂ ಬಸ್ಸಿಗೆ ಕಾಯುತ್ತಿದ್ದ ನನ್ನ ಕಾಲ ಹತ್ತಿರವೇ ಒಬ್ಬಾಕೆ ಬುಟ್ಟಿಯಿಂದ ಒಂದು ಹಿಡಿ ಎಸೆದು ಹೋದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಗಂಟಲು ನನ್ನನ್ನು ಕೇಳದೆ ಮೂರು ಸಲ ಕೆಮ್ಮಿತು. ಅದರ ಹಿಂದೆ ಬರಬೇಕಾಗಿದ್ದ ನಗುವನ್ನು ಬಾಯಿ ಮುಚ್ಚಿ ನುಂಗಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ತನ್ನತ್ತ ಎಳೆದುಕೊಂಡಳು. ನನಗೆ ಕ್ಷಯ ಅಂದುಕೊಂಡಿರಬೇಕು. ನನ್ನ ಎದೆಗೂಡು ನೋಡಿದವರಿಗೆ ಬೇರೇನೂ ಹೊಳೆಯುವುದಿಲ್ಲ.

ಆ ಕೆಮ್ಮೂ ಆ ನಗುವೂ ನನ್ನವಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಅವನ್ನು ಒಬ್ಬರ ಬಾಯಿಂದ ಎತ್ತಿಕೊಂಡು ಬಂದು, ಬ್ಲೀಚಿಂಗ್ ಪುಡಿ ಬೆರೆಸಿದ ನೀರಿನ ಮೇಲೆ, ಕತ್ತಲೆಯ ಸುರಂಗವೊಂದರಲ್ಲಿ, ಊರೂರ ಜನಕ್ಕೆ ಕೇಳಿಸಿದೆ.

ಆ ವರ್ಷ ನಾನು ಬಿ.ಕಾಂ.ನಲ್ಲಿ ಎರಡು ಪೇಪರು ಉಳಿಸಿಕೊಂಡು ಹನುಮಂತನಪಟ್ಟಿಯ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದೂ ಸುಳ್ಳೇ. ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನಮ್ಮ ಕಣಿವೆಯಲ್ಲಿ ಯಾರಿಗೂ ಒಂದು ಕಡೆ ಕೂರಲು ಆಗುವುದಿಲ್ಲ. ಮಳೆಯೆಲ್ಲ ಬೆಟ್ಟದಾಚೆ ಕೇರಳದ ಪಾಲು. ನಮಗೆ ಬರುವುದು ಅದರ ಎಂಜಲು ಹನಿ ಮತ್ತು ಗಾಳಿ. ಆಡಿ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಅನ್ನುತ್ತಾರೆ. ಬಾಗಿಲುಗಳು ಬಡಿಯುತ್ತಲೇ ಇರುತ್ತವೆ, ದ್ರಾಕ್ಷಿ ಚಪ್ಪರದ ತಂತಿಗಳು ಬೆಳಗಿನಿಂದ ಸಂಜೆವರೆಗೆ ಶಿಳ್ಳೆ ಹಾಕುತ್ತವೆ, ಹೆಂಗಸರು ಒಣಹಾಕಿದ ಸೀರೆ ಹುಡುಕಿಕೊಂಡು ಮೂರು ತೋಟ ದಾಟುತ್ತಾರೆ. ನಾನೂ ಹಾಗೇ ಹಾರಾಡುತ್ತಿದ್ದೆ. ಕೆಲಸ ಅಂದರೆ ಕಂಡವರನ್ನೆಲ್ಲ ಅಣಕಿಸುವುದು. ಬಸ್ ಕಂಡಕ್ಟರು, ಪೋಸ್ಟ್‌ಮ್ಯಾನು, ಫೇಲಾದ ಮಗನನ್ನು ಬೈಯುವ ನನ್ನಪ್ಪ, ಬೈಸಿಕೊಳ್ಳುವ ನಾನು. ಊರಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಟೇಪು' ಅಂತ. ಅಪ್ಪ ಇಟ್ಟ ರಂಗಸಾಮಿ ಎಂಬ ಹೆಸರು ಹಾಲ್‌ಟಿಕೆಟ್ಟಿನಲ್ಲಿ ಮಾತ್ರ ಇತ್ತು.

ನಮ್ಮದು ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎಷ್ಟೋ ತಲೆಮಾರುಗಳ ಹಿಂದೆ ದನ ಹೊಡೆದುಕೊಂಡು ಬಡಗಿನಿಂದ ಬಂದ ಜನ. ಬಂದ ಕತೆ ಎಲ್ಲ ಅವ್ವಂದಿರ ಬಾಯಲ್ಲೂ ಇದೆ. ಒಬ್ಬ ದೊರೆ ನಮ್ಮ ಹೆಣ್ಣು ಕೇಳಿದ. ಕೊಡಲು ಮನಸ್ಸಿಲ್ಲ, ಇಲ್ಲ ಅನ್ನಲು ಧೈರ್ಯವಿಲ್ಲ. ಮಕ್ಕಳುಮರಿ, ದನಕರು ಸಮೇತ ಓಡಿದರು. ಎದುರಿಗೆ ತುಂಬಿದ ಹೊಳೆ, ಹಿಂದೆ ದೊರೆಯ ಕುದುರೆಯವರು. ಆಗ ಎರಡೂ ದಡದ ಹೊಂಗೆ ಮರಗಳು ಬಾಗಿ, ಒಂದನ್ನೊಂದು ಹಿಡಿದು ಸೇತುವೆಯಾದವು. ಕೊನೆಯ ಕರು ದಾಟಿದ ಮೇಲೆ ಮತ್ತೆ ನೆಟ್ಟಗಾದವು. ಕೆಲವು ಮನೆಗಳಲ್ಲಿ ಅವನು ಬರೀ ದೊರೆ. ಕೆಲವು ಮನೆಗಳಲ್ಲಿ ಸುಲ್ತಾನ.

ನನ್ನ ದೊಡ್ಡಪ್ಪನ ಮನೆಯಲ್ಲಿ ಸುಲ್ತಾನ. ಈ ದೊಡ್ಡಪ್ಪ ಮದುವೆಯೊಂದಕ್ಕೆ ಮದ್ರಾಸಿಗೆ ಹೋದವನು ಅಲ್ಲಿ ಕಡಲ ರಸ್ತೆಯಲ್ಲಿ ನೀರಾಟದ ದೊಡ್ಡ ಪಾರ್ಕು ನೋಡಿಬಂದಿದ್ದ. "ಕಡಲಿದ್ದೋರಿಗೆ ನೀರಾಟ ಯಾಕೆ? ಬೇಕಾದ್ದು ನಮಗಲ್ಲವಾ?" ಅಂದವನೇ ಚಿನ್ನಮನೂರು ರಸ್ತೆಯಲ್ಲಿದ್ದ ದ್ರಾಕ್ಷಿ ತೋಟದಲ್ಲಿ ಅರ್ಧ ಕಿತ್ತುಹಾಕಿದ. ಎರಡು ಜಾರುಬಂಡೆ, ಯಾವುದೋ ವಸ್ತುಪ್ರದರ್ಶನದವರು ಮಾರಿಹೋದ ಒಂದು ರಾಟೆ ಬಂದವು. ಎಲ್ಲಕ್ಕಿಂತ ದೊಡ್ಡದು ಸುರಂಗ. ದೋಣಿಯಲ್ಲಿ ಆರು ಜನ ಕೂರಬೇಕು. ಸರಪಳಿ ದೋಣಿಯನ್ನು ಕತ್ತಲೆಯೊಳಗೆ ಎಳೆದುಕೊಂಡು ಹೋಗುತ್ತದೆ. ಎರಡೂ ಪಕ್ಕ ಗಾರೆಯ ಬೊಂಬೆಗಳು ನಮ್ಮ ಜನ ಹೊಳೆ ದಾಟಿದ ಕತೆಯನ್ನು ನಡೆಸಿಕೊಡುತ್ತವೆ. ಕೊನೆಗೆ ದೋಣಿ ಎತ್ತರಕ್ಕೆ ಏರುತ್ತದೆ, ಬೆನ್ನ ಹಿಂದೆ ಸುಲ್ತಾನ ನಗುತ್ತಾನೆ, ದೋಣಿ ದಡದಡ ಇಳಿದು ಬೆಳಕಿಗೆ, ನೀರಿಗೆ ಬೀಳುತ್ತದೆ.

ಬೊಂಬೆ ಮಾಡಿದವನು ನಿಲಕ್ಕೋಟ್ಟೈ ಕಡೆಯ ಗೋಪುರದ ಶಿಲ್ಪಿ. ಅವನ ಕೈಗೆ ಗೊತ್ತಿದ್ದದ್ದು ಎರಡೇ ಜಾತಿ, ದೇವರು ಮತ್ತು ಅಸುರ. ಸುಲ್ತಾನ ಹೇಗಿರಬೇಕು ಎಂದು ಕೇಳಿದ್ದಕ್ಕೆ ದೊಡ್ಡಪ್ಪ, "ಅಸುರನಿಗೆ ಗಡ್ಡ ಬಿಟ್ಟು ಹಸಿರು ಪೇಟ ಕಟ್ಟಿಬಿಡಪ್ಪ" ಅಂದ. ಮೂರು ಕುದುರೆ, ಮೂರು ಗಡ್ಡ, ಮೂರು ಕತ್ತಿ, ಕೋರೆಹಲ್ಲು. ಆಮೇಲೆ ಬೊಂಬೆಗಳಿಗೆ ದನಿ ಬೇಕಾಯಿತು.

"ಆ ಟೇಪನ್ನ ಕರೀರಿ, ಚುಮ್ಮಾ ತಾನೆ ತಿರುಗ್ತಾವನೆ," ಅಂದ ದೊಡ್ಡಪ್ಪ.

ಹೆಂಗಸರ ಅಳು, ಕರುವಿನ ಅಂಬಾ, ಮರ ಬಾಗುವ ಕಿರಿಕಿರಿ, ಎಲ್ಲ ನಾನೇ. ಸುಲ್ತಾನನ ನಗು ಬಂದಾಗ ಯೋಚನೆಯನ್ನೇ ಮಾಡಲಿಲ್ಲ. ಖಾಸಿಂ ಮಾಮಾನ ನಗು ಎತ್ತಿಕೊಂಡೆ.

ಖಾಸಿಂ ಮಾಮಾ ಚಿನ್ನಮನೂರಿನಲ್ಲಿ ದ್ರಾಕ್ಷಿ ತುಂಬುವ ಮರದ ಪೆಟ್ಟಿ ಮಾಡುತ್ತಿದ್ದರು. ನಮ್ಮೂರಿನ ಅರ್ಧ ದ್ರಾಕ್ಷಿ ಅವರ ಪೆಟ್ಟಿಯಲ್ಲೇ ಕಣಿವೆ ದಾಟುತ್ತಿತ್ತು. ಅವರ ಮಗ ಜಮಾಲ್ ಕಾಲೇಜಿನಲ್ಲಿ ನನ್ನ ಬೆಂಚು. ಅಂಗಡಿಯ ಮುಂಭಾಗದಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ನಮ್ಮ ಕಣಿವೆಯಲ್ಲಿ ತಮಿಳು ಮುಸ್ಲಿಮರಾದ ರಾವುತ್ತರಿಗೂ ನಮ್ಮಂಥವರಿಗೂ ಮಾಮಾ–ಮಾಪ್ಳೆ ವರಸೆ. ಹೆಣ್ಣು ಕೊಟ್ಟು ತಂದದ್ದು ಯಾವ ಕಾಲದಲ್ಲೂ ಇಲ್ಲ, ಆದರೂ ಬಾಯಲ್ಲಿ ಅವರು ಮಾವ, ನಾವು ಅಳಿಯ. ಯಾರು ಶುರು ಮಾಡಿದರೋ ಯಾರಿಗೂ ತಿಳಿಯದು. ನಾನು ಚಡ್ಡಿ ಹಾಕುವ ವಯಸ್ಸಿನಿಂದ ಮಾಮಾ ನನ್ನನ್ನು "ವಾಂಗ ಮಾಪ್ಳೆ" ಅಂತಲೇ ಕರೆದು ಚಹಾ ತರಿಸಿದವರು. ಅವರ ನಗು ಬೋರ್‌ವೆಲ್ ಮೋಟಾರಿನ ಹಾಗೆ. ಮೊದಲು ಮೂರು ಸಲ ಗಾಳಿ ಎಳೆದುಕೊಂಡು ಕೆಮ್ಮುತ್ತದೆ, ಆಮೇಲೆ ಒಮ್ಮೆಲೇ ನೀರು ನುಗ್ಗುತ್ತದೆ. ಅವರು ನಕ್ಕರೆ ರಸ್ತೆಯಲ್ಲಿ ಹೋಗುವವರು ವಿಷಯ ತಿಳಿಯದೆ ನಕ್ಕು ಹೋಗುತ್ತಿದ್ದರು.

ನನಗೆ ಗೊತ್ತಿದ್ದ ದೊಡ್ಡ ನಗು ಅದೊಂದೇ ಅಂತ ಆಗ ನನಗೇ ಹೇಳಿಕೊಂಡೆ. ನಿಜ ಅಂದರೆ ಬೊಂಬೆಯ ಗಡ್ಡ ನೋಡಿದೆ, ನೋಡಿದ ಕೂಡಲೇ ಗಡ್ಡವಿದ್ದ ಒಬ್ಬರು ಗಂಟಲಿಗೆ ಬಂದರು. ಅಷ್ಟೇ. ಅಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ರೆಕಾರ್ಡು ಮಾಡಿದವನು ಜಮಾಲೇ. ಅಂಗಡಿಗೆ ರಜೆಯಿದ್ದ ದಿನ ಕಿಟಕಿಗೆ ಜಮಖಾನ ಕಟ್ಟಿ, ನನ್ನ ಮುಂದೆ ಮೈಕು ಇಟ್ಟ. "ಹೆಣ್ಣು ಕೊಡಿ, ಇಲ್ಲಾ ಹೊಳೆಗೆ ಬೀಳಿ" ಅಂದು ನಾನು ಕೆಮ್ಮಿ ನಕ್ಕೆ. ಅವನು ಮೀಟರಿನ ಮುಳ್ಳನ್ನೇ ನೋಡುತ್ತಿದ್ದ.

"ಚೆನ್ನಾಗಿದೆ, ಮಾಪ್ಳೆ. ಇನ್ನೊಂದು ಸಲ ತಗೊಳ್ಳೋದಾ?"

"ಯಾಕೆ, ಇದೇ ಸಾಕಲ್ಲ."

"ಸರಿ," ಅಂದು ಕ್ಯಾಸೆಟ್ಟು ತೆಗೆದು ಕೊಟ್ಟ.

ಸುರಂಗ ಶುರುವಾದ ಮೇಲೆ ನನ್ನ ತಲೆ ಭುಜದ ಮೇಲೆ ನಿಲ್ಲಲಿಲ್ಲ. ಭಾನುವಾರ ಬಂತೆಂದರೆ ತೇನಿಯಿಂದ ಗೂಡಲೂರಿನವರೆಗಿನ ಕಾಲೇಜು ಹುಡುಗರು ಸಾಲು ನಿಲ್ಲುತ್ತಿದ್ದರು. ಅವರಿಗೆ ಎಲ್ಲ ಮಾತೂ ಬಾಯಿಪಾಠ. ಸೆಲ್ವಂ ಎಂಬ ಟೈಪಿಂಗ್ ಕಲಿಯುವ ಹುಡುಗನಿಗೆ ಸುರಂಗದ ಹುಚ್ಚು ಎಷ್ಟಿತ್ತೆಂದರೆ ಯಾವ ಬೊಂಬೆಯ ಯಾವ ಬೆರಳು ಮುರಿದಿದೆ ಎಂದು ಲೆಕ್ಕ ಒಪ್ಪಿಸುತ್ತಿದ್ದ. ಇಳಿಜಾರಿನ ತುದಿಯಲ್ಲಿ ಇಡೀ ದೋಣಿ ಒಟ್ಟಿಗೆ ಮೂರು ಸಲ ಕೆಮ್ಮಿ, ನಕ್ಕು, ಬೀಳುತ್ತಿತ್ತು. ಎದುರಿನ ಚಹಾ ಅಂಗಡಿಯಲ್ಲಿ ಹುಡುಗರು ನನ್ನ ಮುಂದೆಯೇ ನನ್ನನ್ನು ಅಣಕಿಸುತ್ತಿದ್ದರು. ಅದಕ್ಕಿಂತ ದೊಡ್ಡ ಪಾಸು ನನ್ನ ಬಾಳಲ್ಲಿ ಆಗಿರಲಿಲ್ಲ.

ಟಿಕೆಟ್ ಕಿಟಕಿಯಲ್ಲಿ ಅಭಿಪ್ರಾಯ ಬರೆಯಲು ಒಂದು ನೋಟ್‌ಬುಕ್ಕು ನೇತುಹಾಕಿದ್ದರು. ಒಂದು ದಿನ ಪ್ರೈಮರಿ ಸ್ಕೂಲಿನ ಟೀಚರೊಬ್ಬರು ಮಕ್ಕಳನ್ನು ಕರೆತಂದವರು, ದುಂಡಗಿನ ಅಕ್ಷರದಲ್ಲಿ ಬರೆದಿಟ್ಟು ಹೋದರು: 'ದೋಣಿ ಹತ್ತುವಾಗ ಜೊತೆ ಜೊತೆಯಾಗಿ ಕೈ ಹಿಡಿದು ಬಂದಿದ್ದರು. ಇಳಿದ ಮೇಲೆ ಅರ್ಧ ಮಕ್ಕಳು ಉಳಿದ ಅರ್ಧಕ್ಕೆ, ನಮ್ಮನ್ನ ಅಟ್ಟಿಸಿಕೊಂಡು ಬಂದೋರು ನೀವೇ ಅಂತ ಹೇಳಿದರು. ಬಸ್ಸಿನಲ್ಲಿ ಬೇರೆ ಬೇರೆ ಕೂತರು. ಆ ಮೂರು ಬೊಂಬೆಗಳನ್ನು ದಯವಿಟ್ಟು ಬದಲಾಯಿಸಿ.'

ಗಾಳಿ ಅಲ್ಲಿಂದ ತಿರುಗಿತು. ಆ ಪುಟದ ಕೆಳಗೆ, ಪಕ್ಕದಲ್ಲಿ, ಮೇಲೆ, ಜನ ಬರೆದದ್ದೇ ಬರೆದದ್ದು. ಇದು ನಮ್ಮ ಪೂರ್ವಿಕರ ಕತೆ, ಕೈ ಹಾಕಬೇಡಿ. ಪೂರ್ವಿಕರು ಹಸಿರು ಪೇಟ ನೋಡಿದ್ದರಾ? ಅಟ್ಟುವವರಿಲ್ಲದೆ ದೋಣಿ ಯಾಕೆ ಓಡಬೇಕು? ಆನೆ ಅಟ್ಟಲಿ. ಹುಲಿ ಅಟ್ಟಲಿ. ನಮ್ಮ ಮ್ಯಾಥ್ಸ್ ಮೇಷ್ಟ್ರು ಅಟ್ಟಲಿ, ಇನ್ನೂ ವೇಗ ಬರುತ್ತದೆ. ಸೆಲ್ವಂ ಟೈಪ್ ಮಾಡಿದ ಇಡೀ ಹಾಳೆಯನ್ನೇ ಅಂಟಿಸಿದ: ನಗು ಹೋದರೆ ಸುರಂಗಕ್ಕೆ ಬರುವವರು ಯಾರೂ ಇಲ್ಲ. 'ನಗು ಇರಲಿ' ಅನ್ನುವವರಲ್ಲಿ ಐದು ಜನ ನಾನೇ. ಐದು ಕೈಬರಹ, ಐದು ಊರು. ಉತ್ತಮಪಾಳಯದ ಒಬ್ಬ ನಿವೃತ್ತ ಹೆಡ್‌ಮಾಸ್ಟರಾಗಿ ಬರೆದದ್ದಂತೂ ಎಷ್ಟು ಚೆನ್ನಾಗಿತ್ತೆಂದರೆ ಓದಿ ನಾನೇ ಒಪ್ಪಿದೆ.

ಕೊನೆಗೆ ದೊಡ್ಡಪ್ಪ ಒಂದು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಉಳಿದ ದ್ರಾಕ್ಷಿ ಚಪ್ಪರದ ಕೆಳಗೆ ಕರೆದ. ನಮ್ಮ ಜನದ ಹಿರಿಯರು, ದ್ರಾಕ್ಷಿ ವ್ಯಾಪಾರಿಗಳು, ಸುರಂಗದ ಹುಡುಗರು. ನನ್ನ ಅವ್ವ, ಅಂದರೆ ದೊಡ್ಡಪ್ಪನ ತಾಯಿ, ಎಲೆಯಡಿಕೆ ಸಂಚಿ ಸಮೇತ ಬಂದು ಮುಂದೆ ಕೂತಳು.

"ಕತೆ ನಮ್ಮದು," ಅಂದರು ಒಬ್ಬ ಹಿರಿಯರು. "ಇದನ್ನೂ ಅಳಿಸಿದರೆ ಮಕ್ಕಳಿಗೆ ಏನಂತ ಹೇಳೋದು? ಕನ್ನಡವೇ ಅರ್ಧ ಹೋಗಿದೆ."

ಅವ್ವ ಸುಣ್ಣ ಹಚ್ಚುತ್ತ ದೊಡ್ಡಪ್ಪನನ್ನು ಕೇಳಿದಳು, "ಏ ಮಗಾ, ನಾನು ಕತೆ ಹೇಳುವಾಗ ಆ ದೊರೆ ಎಷ್ಟು ಹೊತ್ತು ಇರ್ತಾನೆ? ಎರಡು ಮಾತು. ಒಂದೊಂದು ದನದ ಹೆಸರು ಕೂಗಿ ಹೊಳೆ ದಾಟ್ಸೋಕೇ ನಂಗೆ ಹೊತ್ತು ಮುಳುಗ್ತದೆ. ನೀನು ದನಾನೆಲ್ಲ ಮೂಲೆಗೆ ನಿಲ್ಲಿಸಿ ಅವನಿಗೇ ಚಪ್ಪರ ಹಾಕಿದೀಯ."

"ದನ ನೋಡೋಕೆ ಯಾರವ್ವಾ ಟಿಕೆಟ್ ತಗೋತಾರೆ?" ಅಂದ ದೊಡ್ಡಪ್ಪ.

ಮಾತು ಕೈತಪ್ಪುತ್ತಿದೆ ಅನ್ನಿಸಿತು. ಎದ್ದು ನಿಂತೆ. ಮೊದಲು ಹಿರಿಯರನ್ನು ಅಣಕಿಸಿದೆ, ಆಮೇಲೆ ಸೆಲ್ವಂನನ್ನು, ಆಮೇಲೆ ಫೇಲಾದ ನನ್ನನ್ನು. ಎಲ್ಲರೂ ಸಡಿಲವಾದರು. "ಈಗ ಇದನ್ನ ಕೇಳಿ. ಇದಿಲ್ಲದಿದ್ದರೆ ಸುರಂಗ ಬರೀ ಮೋರಿ," ಅಂದು ಹೆಣ್ಣು ಕೊಡಿ ಅಂತ ಗರ್ಜಿಸಿ, ಮೂರು ಸಲ ಕೆಮ್ಮಿ, ನಕ್ಕೆ. ಟೇಪಿಗಿಂತ ಚೆನ್ನಾಗಿ ಬಂತು. ಚಪ್ಪರವೇ ನಕ್ಕಿತು.

ಆಮೇಲೆ ಆ ನಗು ಹಿಂದಿನ ಸಾಲಿನಿಂದ ಒಂದೊಂದೇ ಸಾಲಾಗಿ ನಿಲ್ಲುತ್ತ ಬಂತು. ಗೇಟಿನ ಒಳಗೆ, ಪೆಟ್ಟಿ ತುಂಬಿದ ಗಾಡಿಯ ಪಕ್ಕದಲ್ಲಿ ಖಾಸಿಂ ಮಾಮಾ ನಿಂತಿದ್ದರು. ಮರುದಿನ ದೊಡ್ಡಪ್ಪನ ತೋಟದಲ್ಲಿ ದ್ರಾಕ್ಷಿ ಕಾಯಿ ಇಳಿಸುವುದಿತ್ತು. ಅದಕ್ಕೆ ಪೆಟ್ಟಿ ತಂದಿದ್ದರು. ಅಲ್ಲಿ ಕೂತ ಹಿರಿಯರು, ವ್ಯಾಪಾರಿಗಳೆಲ್ಲ ಇಪ್ಪತ್ತು ವರ್ಷದಿಂದ ಆ ನಗು ಕೇಳಿದವರು. ಕತ್ತಲೆಯಲ್ಲಿ ಅಸುರನ ಬಾಯಿಂದ ಬಂದಾಗ ಯಾರಿಗೂ ಹೊಳೆದಿರಲಿಲ್ಲ. ಹಗಲಲ್ಲಿ, ನಗುವೂ ನಗುವಿನ ಯಜಮಾನನೂ ಒಂದೇ ಚಪ್ಪರದಡಿ ಬಂದಾಗ ಎಲ್ಲರಿಗೂ ಒಟ್ಟಿಗೆ ತಿಳಿಯಿತು. ಮಾಮಾಗೂ ತಿಳಿಯಿತು. ಅವರು ಟವೆಲಿನಿಂದ ಮುಖ ಒರೆಸಿಕೊಂಡು ನನ್ನನ್ನೇ ಕೇಳಿದರು:

"ತಂಬಿ, ಪೆಟ್ಟಿ ಎಲ್ಲಿ ಇಳಿಸಲಿ?"

ತಂಬಿ ಅಂದರೆ ತಮ್ಮ, ಕೆಟ್ಟ ಮಾತೇನಲ್ಲ. ದಾರಿ ಕೇಳುವವರು, ಚಿಲ್ಲರೆ ಕೇಳುವವರು ಯಾರನ್ನು ಬೇಕಾದರೂ ಕರೆಯುವ ಮಾತು. ಮಾಮಾ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ನಾನು ಕೈ ತೋರಿಸಿದೆ. ಅವರು ಪೆಟ್ಟಿ ಇಳಿಸಿ ಹೋದರು. ಸಭೆ ಮುಗಿಯಿತು ಅಂತ ಯಾರೂ ಹೇಳಲಿಲ್ಲ, ಆದರೆ ಎಲ್ಲರಿಗೂ ಮನೆಯಲ್ಲಿ ಏನೋ ಕೆಲಸ ನೆನಪಾಯಿತು.

ಆಮೇಲಿನ ದಿನಗಳಲ್ಲಿ ಗಾಳಿ ಹೊರಗಿತ್ತೋ ನನ್ನೊಳಗಿತ್ತೋ. ದಿನಾ ಬೆಳಿಗ್ಗೆ ಚಿನ್ನಮನೂರು ಬಸ್ಸು ಹತ್ತುತ್ತಿದ್ದೆ. ಪೆಟ್ಟಿ ಅಂಗಡಿಯ ಎದುರು ಇಳಿಯುತ್ತಿದ್ದೆ. ದಾಟಿ ಹೋಗಿ, ಏನೂ ಬೇಡದ ಅಂಗಡಿಯಲ್ಲಿ ಒಂದು ಸೋಪು ಕೊಂಡು, ಅದೇ ಬಸ್ಸಿಗೆ ವಾಪಸು. ಮಾತು ಸಿದ್ಧಮಾಡಿಕೊಳ್ಳುತ್ತಿದ್ದೆ, ಬಾಯಿ ತೆರೆದರೆ ಆ ಮಾತು ಯಾರ ಯಾರದೋ ದನಿಯಲ್ಲಿ ಬರುತ್ತಿತ್ತು. ಐದನೆಯ ದಿನ ಜಮಾಲೇ ನಿಲ್ದಾಣಕ್ಕೆ ಬಂದು ಹಿಡಿದ.

"ಎಷ್ಟು ಸೋಪು ಅಂತ ಕೊಳ್ತೀಯ? ನಿನ್ನ ಮೈಗೆ ಒಂದು ಸಾಕು."

"ನಿಂಗೆ ಮೊದಲೇ ಗೊತ್ತಿತ್ತಲ್ಲವಾ?"

"ಮೈಕಿನ ಮುಂದೆ ನೀನು ಕೆಮ್ಮಿದಾಗಲೇ. ಇನ್ನೊಂದು ಸಲ ತಗೊಳ್ಳೋದಾ ಅಂದೆ. ನೀನು ಸಾಕು ಅಂದೆ."

"ಬೈಯಬಹುದಿತ್ತು."

"ನೀನೇ ತೆಗೀತೀಯ ಅಂತ ಇದ್ದೆ," ಅಂದ. "ಅತ್ತಾ ಈಗ ನಗು ಬಂದರೆ ಕೆಮ್ಮಿನಲ್ಲೇ ನಿಲ್ಲಿಸ್ತಾರೆ. ಕೈ ಅಡ್ಡ ಇಟ್ಟುಕೊಳ್ತಾರೆ. ಮನೇಲೂ."

ರಾವುತ್ತರ ಮನೆಯಲ್ಲಿ ಅಪ್ಪನಿಗೆ ಅತ್ತಾ ಅನ್ನುತ್ತಾರೆ. ಅಷ್ಟು ವರ್ಷ ಆ ಅಂಗಡಿಯ ಮುಂದೆ ಹೋಗುವವರನ್ನೆಲ್ಲ ನಗಿಸಿದ ಮನುಷ್ಯನ ಬಾಯಿಗೆ ನಾನು ಬೀಗ ಹಾಕಿದ್ದೆ. ಇನ್ನೊಂದು ಬಸ್ಸು ಕಾಯದೆ ನಡೆದುಕೊಂಡೇ ದೊಡ್ಡಪ್ಪನ ಪಾರ್ಕಿಗೆ ಹೋದೆ.

"ನಗು ತೆಗೀಬೇಕು."

"ಇರಬೇಕು ಅಂತ ಕುಣಿದೋನು ನೀನೇ ತಾನೆ?"

"ತೆಗೀದಿದ್ರೆ ವೈರು ನಾನೇ ಕೀಳ್ತೀನಿ, ದೊಡ್ಡಪ್ಪಾ."

ದೊಡ್ಡಪ್ಪ ಬೈಯಲಿಲ್ಲ. ಕಾಯಿ ಇಳಿಸಿದ ದಿನ ಮಾಮಾನ ಪೆಟ್ಟಿಗಳಿಗೆ ದ್ರಾಕ್ಷಿ ತುಂಬಿಸುತ್ತ ಅವನೂ ಮಾಮಾನ ಮುಖ ನೋಡದೆ ದಿನ ಕಳೆದಿದ್ದ. ಎರಡು ದಿನ ಬಿಟ್ಟು, "ಶಿಲ್ಪಿಗೆ ಹೇಳಿಕಳಿಸು" ಅಂದ.

ನೋಟ್‌ಬುಕ್ಕಿನಲ್ಲಿ ನನ್ನ ಐದು ಊರಿನ ಐದು ಬರಹಕ್ಕೂ ಅಡ್ಡಗೀಟು ಎಳೆದು, ಕೆಳಗೆ 'ಇವೆಲ್ಲ ಬರೆದವನು ನಾನೇ. ನಗು ಕದ್ದದ್ದು. ತೆಗೆಯಿರಿ' ಅಂತ ಬರೆದು ರಂಗಸಾಮಿ ಎಂದು ಸಹಿ ಹಾಕಿದೆ. ಮರುದಿನ ಸೆಲ್ವಂ ಚಹಾ ಅಂಗಡಿಯಲ್ಲಿ ಕೆಂಡವಾಗಿದ್ದ. "ಯಾವನೋ ರಂಗಸಾಮಿಯಂತೆ. ಸಿಕ್ಕರೆ ಸುಮ್ಮನೆ ಬಿಡಲ್ಲ, ಟೇಪಣ್ಣಾ." ನಾನೇ ಅಂದೆ. ಅವನು ಕುಡಿದ ಲೋಟ ಇಟ್ಟು ಎದ್ದುಹೋದ. ಹೊಡೆದಿದ್ದರೆ ವಾಸಿಯಿತ್ತು.

ಶಿಲ್ಪಿ ಬಂದು ಪೇಟ ಒಡೆದ, ಗಡ್ಡ ಕೆತ್ತಿದ. ಕತ್ತಿ ಕಿತ್ತ ಕೈಗಳಲ್ಲಿ ಏನಿಡುವುದು ಎಂದು ತೋಚದೆ ಒಂದೊಂದು ಕರು ಕೂರಿಸಿದ. ಕೋರೆಹಲ್ಲು ಮಾತ್ರ ಬಿಡಲಿಲ್ಲ. ಅಟ್ಟಿಸಿಕೊಂಡು ಬಂದವರೀಗ ಕರು ಹೊತ್ತು ಹೊಳೆ ದಾಟುವ ಅಸುರರಾದರು. ನಗುವಿದ್ದ ಕಡೆ ದನ ಕರೆಯುವ ಕೂಗು. ಅವ್ವನನ್ನೇ ಕೂಗಲು ಹೇಳಿದರೆ ಮೈಕು ನೋಡಿ ಹಿಂದೆ ಸರಿದಳು. "ನಿನ್ನ ಬಾಯಿಗೇ ಕೊಟ್ಟೀನಿ, ತಗೋ" ಅಂದಳು. ಒಬ್ಬರ ದನಿಯನ್ನು ಕೇಳಿ ಪಡೆದದ್ದು ನನಗೆ ಅದೇ ಮೊದಲು. ಬಾ ಕೆಂಚಿ, ಬಾ ಬೋಳಿ, ಬಾ ಕರಿಯಾ ಎಂದು ಅವ್ವನಾಗಿ ಕೂಗಿದೆ. ಹುಡುಗರು ಅದಕ್ಕೆ 'ದನಗಾಡಿ' ಎಂದು ಹೆಸರಿಟ್ಟರು. ಸಾಲು ಚಿಕ್ಕದಾಯಿತು. ಸಣ್ಣ ಮಕ್ಕಳು ಮಾತ್ರ ಇಳಿಜಾರಿನ ತುದಿಯಲ್ಲಿ ತಮ್ಮ ತಮ್ಮ ಮನೆಯ ಎಮ್ಮೆ, ಮೇಕೆ, ಒಮ್ಮೊಮ್ಮೆ ಅಜ್ಜಿಯ ಹೆಸರನ್ನೂ ಕೂಗಿ ಬೀಳುತ್ತಿದ್ದವು.

ಹಳೆಯ ಕ್ಯಾಸೆಟ್ಟು ನನ್ನ ಕೈಯಲ್ಲಿತ್ತು. ಒಡೆದು ಹಾಕುವುದು ಸುಲಭ. ಒಂದು ಮಧ್ಯಾಹ್ನ ಅದನ್ನು ಹಿಡಿದು ಪೆಟ್ಟಿ ಅಂಗಡಿಯ ಒಳಗೇ ಹೋದೆ. ಮಾಮಾ ತುಟಿಗಳ ನಡುವೆ ಏಳೆಂಟು ಮೊಳೆ ಕಚ್ಚಿಕೊಂಡು ಹಲಗೆ ಬಡಿಯುತ್ತಿದ್ದರು. ಕ್ಯಾಸೆಟ್ಟನ್ನು ಹಲಗೆಯ ಮೇಲಿಟ್ಟೆ.

"ಇದೊಂದೇ ಇರೋದು, ಮಾಮಾ. ಬೇರೆ ಕಾಪಿ ಇಲ್ಲ. ತಪ್ಪಾಯ್ತು."

ಅವರು ಮೊಳೆಗಳನ್ನು ಅಂಗೈಗೆ ಉಗಿದು, "ಹಾಕು" ಅಂದರು ಮಗನಿಗೆ.

ಜಮಾಲ್ ಹಾಕಿದ. ಹೆಣ್ಣು ಕೊಡಿ, ಇಲ್ಲಾ ಹೊಳೆಗೆ ಬೀಳಿ. ಮೂರು ಕೆಮ್ಮು. ಆಮೇಲೆ ನಗು ಖಾಲಿ ಪೆಟ್ಟಿಗಳ ಮಧ್ಯೆ ಸುತ್ತಿ ಸುತ್ತಿ ಹೋಯಿತು. ಮಾಮಾ ತಲೆ ಬಗ್ಗಿಸಿ ಕೊನೆವರೆಗೆ ಕೇಳಿದರು.

"ನಾನು ಇಷ್ಟು ಗಟ್ಟಿಯಾಗಿ ನಗ್ತೀನಾ?"

"ಇದಕ್ಕಿಂತ ಗಟ್ಟಿ, ಅತ್ತಾ," ಅಂದ ಜಮಾಲ್.

"ಅದಕ್ಕೇ ನಿಮ್ಮಮ್ಮ ಬೈತಾಳೆ." ಅವರು ಕ್ಯಾಸೆಟ್ಟು ತೆಗೆಸಿ ನನಗೆ ಕೊಟ್ಟರು. "ತಂಬಿ, ಮೊದಲಿನ ಮಾತು ಅಳಿಸು. ನಗು ಹಾಗೇ ಬಿಡು."

"ಪೂರ್ತಿ ಅಳಿಸ್ತೀನಿ, ಮಾಮಾ."

"ಬೇಡ. ಫೋಟೋ ಇದೆ ನಂದು, ನಾಲ್ಕೈದು. ಇದಿಲ್ಲ. ಇವನಿಗೆ ಮಕ್ಕಳಾಗಿ ದೊಡ್ಡವಾಗೋ ಹೊತ್ತಿಗೆ ನಾನಿರ್ತೀನಾ?"

ಅದು ನಿಮ್ಮ ಗಂಟಲಲ್ಲ, ನನ್ನದು ಅನ್ನಬೇಕೆನ್ನಿಸಿತು. ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಕ್ಯಾಸೆಟ್ಟನ್ನು ರೆಕಾರ್ಡರಿಗೆ ಹಾಕಿದೆ.

ಮೈಕಿನ ವೈರು ಕಿತ್ತು ರೆಕಾರ್ಡಿನ ಗುಂಡಿ ಒತ್ತಿದರೆ ಟೇಪಿನ ಮೇಲೆ ಮೌನ ಬರೆಯುತ್ತ ಹೋಗುತ್ತದೆ. ಒಂದು ಚೂರು ತಡವಾದರೆ ಕೆಮ್ಮು ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಮಾತಿಗೂ ಕೆಮ್ಮಿಗೂ ನಡುವೆ ನಾನು ಎಳೆದುಕೊಂಡಿದ್ದ ಒಂದು ಉಸಿರಿತ್ತು. ಅದು ಎಷ್ಟು ಉದ್ದ ಎಂದು ನನ್ನ ಎದೆಗೆ ಮಾತ್ರ ಗೊತ್ತು. "ನೀನೇ ಒತ್ತು" ಎಂದು ಜಮಾಲ್ ಪಕ್ಕಕ್ಕೆ ಸರಿದ. ಒತ್ತಿದೆ. ಮನಸ್ಸಿನಲ್ಲೇ ಆ ಮಾತು ಹೇಳಿ ಮುಗಿಸಿ, ಉಸಿರೆಳೆದು, ಗುಂಡಿ ಬಿಟ್ಟೆ.

ತಿರುಗಿಸಿ ಹಾಕಿದೆವು. ಸರಸರ ಮೌನ. ಮೂರು ಕೆಮ್ಮು, ಮೂರೂ ಇದ್ದವು. ನಗು.

ಮಾಮಾ ಅದನ್ನು ಅಂಗಿಯ ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡರು. ಮೊಳೆಗಳನ್ನು ಮತ್ತೆ ತುಟಿಗೆ ಕಚ್ಚಿ ಸುತ್ತಿಗೆ ತೆಗೆದುಕೊಂಡರು.

"ಬರ್ತೀನಿ, ಮಾಮಾ," ಅಂದೆ.

ಅವರು ತಲೆಯೆತ್ತಿ ನೋಡಿದರು. ಏನೋ ಅನ್ನಲು ಹೊರಟದ್ದು ಕಂಡಿತು, ಬಾಯಿ ತುಂಬ ಮೊಳೆ. ಕೈ ಎತ್ತಿ, ಇರು ಎಂದು ಸನ್ನೆ ಮಾಡಿ, ಒಂದು ಮೊಳೆ ತೆಗೆದು ಹಲಗೆಗೆ ಹೊಡೆದರು. ಇನ್ನೊಂದು ತೆಗೆದರು. ಎಲ್ಲ ಮುಗಿದ ಮೇಲೆ ಬರುವ ಮಾತು ತಂಬಿಯೋ ಮಾಪ್ಳೆಯೋ, ನಿಂತು ಕೇಳುವ ಎದೆ ನನಗಿರಲಿಲ್ಲ. ಬಸ್ಸು ಬಂತು ಅಂದು ಓಡಿದೆ. ಬಸ್ಸು ಬಂದಿರಲಿಲ್ಲ.